ಎರೆ ದಾರಿಗೆ ಯಾವ ಪಿಕಪ್?

೧೯೮೬ರಲ್ಲಿ ನಾನು ಹುಬ್ಬಳ್ಳಿಯ ಒಂದು ವಾಹನ ಮಾರಾಟದ ಅಂಗಡಿಯಲ್ಲಿ ಫೀಲ್ಡ್ ರೆಪ್ರೆಸೆಂಟೇಟಿವ್ ಆಗಿದ್ದೆ. ಹೆಸರಷ್ಟೇ ದೊಡ್ಡದು. ಹಳ್ಳಿಗಳಿಗೆ ಹೋಗಿ ಗಾಡಿ ಕೊಳ್ಳುವ ಮನಸ್ಸಿದ್ದವರನ್ನು ಹುಡುಕುವುದು, ಅವರ ಅಂಗಳಕ್ಕೆ ಗಾಡಿ ಒಯ್ದು ತೋರಿಸುವುದು, ಕೊಂಡ ಮೇಲೆ ಮೊದಲ ಸರ್ವಿಸಿನ ತನಕ ಅವರ ಬೈಗುಳ ಕೇಳುವುದು, ಇಷ್ಟೇ ನನ್ನ ಕೆಲಸ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದದ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಮನೆ ಕುಂದಗೋಳದಲ್ಲಿ. ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದೆ. ಚೀಲದಲ್ಲಿ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಇರುತ್ತಿದ್ದವು. ಅದೇ ಚೀಲದ ಇನ್ನೊಂದು ಬದಿಗೆ ಗಾಡಿಗಳ ಚಿತ್ರವಿದ್ದ ಕಾಗದಗಳು. ಎಷ್ಟು ಜೋಪಾನ ಮಾಡಿದರೂ ಆ ಕಾಗದಗಳಿಗೆ ಹಿಂಡಿಯ ಎಣ್ಣೆ ಹತ್ತುತ್ತಿತ್ತು.

ಆ ವರ್ಷ ನಮ್ಮಲ್ಲಿ ಎರಡು ನಮೂನೆಯ ಪಿಕಪ್ ಇದ್ದವು. ಒಂದು ದೊಡ್ಡದು. ಮುಂದೆ ಮೂವರು ಕೂರುವ ಕ್ಯಾಬಿನ್, ಹಿಂದೆ ಉದ್ದನೆಯ ತೆರೆದ ಬಾಡಿ. ಭಾರ ತಡೆಯಲೆಂದು ಹಿಂದಿನ ಆಕ್ಸಲ್‌ಗೆ ಎರಡೂ ಬಾಜು ಜೋಡಿ ಗಾಲಿ. ಇನ್ನೊಂದು ಮಧ್ಯಮದ್ದು, ಜೀಪಿನ ಮುಖದ್ದು. ನಾಲ್ಕೇ ಗಾಲಿ, ಗಿಡ್ಡ ಬಾಡಿ, ಆದರೆ ಡ್ರೈವರ್ ಸಾಲಿನ ಹಿಂದೆ ಇನ್ನೊಂದು ಸಾಲು ಸೀಟು. ಕೆಸರಿನಲ್ಲಿ ಮುಂದಿನ ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಹೋಗುವಂತೆ ಮಾಡುವ ಒಂದು ಲಿವರ್ ಇತ್ತು. ಅದಕ್ಕೆ ಫೋರ್ ವೀಲ್ ಡ್ರೈವ್ ಎನ್ನುತ್ತಾರೆ. ದೊಡ್ಡದೊಂದು ಗಾಡಿ ನಮ್ಮ ಆವರಣದಲ್ಲಿ ಬಹಳ ದಿನದಿಂದ ನಿಂತುಬಿಟ್ಟಿತ್ತು. ಅದನ್ನು ಹೇಗಾದರೂ ಸಾಗಿಸು ಎಂದು ಮಾಲೀಕರು ದಿನಾ ಒಮ್ಮೆ ನೆನಪಿಸುತ್ತಿದ್ದರು.

ಏಪ್ರಿಲ್ ತಿಂಗಳಲ್ಲಿ ನಿಂಗಪ್ಪ ಎಂಬ ರೈತರು ತಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದರು. ನವಲಗುಂದ ಕಡೆಯ ಒಂದು ಹಳ್ಳಿಯವರು. ಮೆಣಸಿನಕಾಯಿ, ಹತ್ತಿ ಬೆಳೆಯುವ ಕೂಡು ಕುಟುಂಬ, ಹದಿನಾಲ್ಕು ಜನ. ತಮ್ಮ ಫಕ್ಕೀರಪ್ಪ ಆಗಲೇ ಹುಬ್ಬಳ್ಳಿಯಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದ. ನಾನು ಮಧ್ಯಮದ ಗಾಡಿಯ ಬಾಗಿಲು ತೆಗೆಯುವುದಕ್ಕೂ ನಿಂಗಪ್ಪನವರು ಬಿಡಲಿಲ್ಲ.

"ಸಣ್ಣದು ತೋರಸಬ್ಯಾಡ್ರಿ ಸಾಹೇಬ್ರ. ನಮ್ಮ ಮನಿ ಬೆಳ್ಯಾಕತ್ತೈತಿ. ಎಲ್ಲಾರೂ ಒಮ್ಮೆಲೆ ಕುಂತು ಹೋಗೂ ಅಂಥಾದ್ದು ಬೇಕು. ಒಬ್ಬರನ್ನ ಹತ್ತಿಸಿ ಒಬ್ಬರನ್ನ ಬಿಟ್ಟಿವಂದ್ರ ಅಲ್ಲೇ ಮನಿ ಒಡೀತಂತ ತಿಳ್ಕೋರಿ."

ಅವರ ಮಾತಿನಲ್ಲಿ ಹುರುಳಿತ್ತು. ಅವರ ಓಣಿಯಲ್ಲೇ ಎರಡು ಮನೆಗಳು ಒಡೆದದ್ದನ್ನು ಕಂಡವರು ಅವರು. ತಂದೆ ತೀರಿದ ಮೇಲೆ ನಾಲ್ವರು ತಮ್ಮಂದಿರನ್ನು ಒಂದೇ ಒಲೆಯ ಮುಂದೆ ಹಿಡಿದಿಟ್ಟಿದ್ದರು. ನನಗೂ ದೊಡ್ಡದನ್ನೇ ಮಾರಬೇಕಿತ್ತು. ಮರುವಾರವೇ ದೊಡ್ಡ ಪಿಕಪ್ ತೆಗೆದುಕೊಂಡು ಅವರ ಊರಿಗೆ ಹೋದೆ. ಓಡಿಸಿದವರು ನಮ್ಮ ಅಂಗಡಿಯ ಡ್ರೈವರ್ ಖಾದರಸಾಬರು. ಗಾಡಿಯ ಗುಣದೋಷಕ್ಕಿಂತ ಯಾವ ಊರಿನಲ್ಲಿ ಚಹಾ ಚಲೋ ಸಿಗುತ್ತದೆ ಎಂಬುದು ಅವರಿಗೆ ಹೆಚ್ಚು ಗೊತ್ತಿತ್ತು.

ಡಾಂಬರು ರಸ್ತೆ ಬಿಟ್ಟ ಮೇಲೆ ಅವರ ಊರಿಗೆ ಸುಮಾರು ಮೂರು ಮೈಲಿ ಎರೆ ದಾರಿ. ಎರೆ ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು. ಬೇಸಿಗೆಯಲ್ಲಿ ಅದು ಸಿಮೆಂಟಿನಂತೆ ಗಟ್ಟಿ, ಬಿರುಕುಗಳಲ್ಲಿ ಅಂಗೈ ಇಳಿಯುತ್ತದೆ. ಗಾಡಿ ಧೂಳೆಬ್ಬಿಸುತ್ತ ಸಲೀಸಾಗಿ ಹೋಯಿತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ನಿಂಗಪ್ಪನವರು ಬಾಡಿಯಲ್ಲಿ ಚಾಪೆ ಹಾಸಿ, ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹತ್ತಿಸಿ ಕೂರಿಸಿದರು. ರೊಟ್ಟಿ ಬುಟ್ಟಿ, ನೀರಿನ ಕೊಡ, ತೊಟ್ಟಿಲು ಎಲ್ಲವೂ ಹತ್ತಿದವು. ಇಷ್ಟಾಗಿಯೂ ಮೂಲೆಯಲ್ಲಿ ಜಾಗ ಉಳಿದಿತ್ತು.

"ನೋಡ್ರಿ, ಇನ್ನ ಹುಟ್ಟಾವರಿಗೂ ಜಾಗ ಐತಿ!" ಎಂದು ನಿಂಗಪ್ಪನವರು ಬಾಡಿಯ ಹಲಗೆಯನ್ನು ಬಡಿದರು. ಎಲ್ಲರೂ ನಕ್ಕರು.

ಸರಕು ಗಾಡಿಯ ಹಿಂದೆ ಜನರನ್ನು ಕೂರಿಸುವುದು ಕಾಯ್ದೆಗೆ ವಿರುದ್ಧ, ಏನಾದರೂ ಅನಾಹುತವಾದರೆ ವಿಮೆಯವರು ಕೈ ಎತ್ತುತ್ತಾರೆ ಎಂದು ನಾನು ಹೇಳಿದೆ. ಹೇಳುವುದು ನನ್ನ ಕರ್ತವ್ಯವಾಗಿತ್ತು. "ಎಲ್ಲಾರೂ ಹಂಗ ಹೋಕ್ಕಾರ್ರಿ" ಎಂಬ ಉತ್ತರ ಬಂತು. ಅದಕ್ಕೆ ಮುಂದೆ ನಾನು ವಾದ ಮಾಡಲಿಲ್ಲ.

ಆಗ ನಿಂಗಪ್ಪನವರ ಹೆಂಡತಿ ಗಂಗವ್ವ ಚಹಾ ತಂದುಕೊಟ್ಟು, "ನಮ್ಮ ಶಾಂತಾ ಒಂದ್ ಮಾತ ಕೇಳಬೇಕಂತಾಳ್ರಿ" ಎಂದರು.

ಶಾಂತವ್ವ ಫಕ್ಕೀರಪ್ಪನ ಹೆಂಡತಿ. ಬಾಡಿಯಲ್ಲಿ ಎಲ್ಲರೂ ಕೂತಾಗ ಆಕೆಯೊಬ್ಬಳು ಹತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ತಲೆಬಾಗಿಲ ಒಳಗೆ ಸೆರಗು ಹೊದ್ದು ನಿಂತಿದ್ದಳು. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಮಾತಾಡಬಾರದು ಎಂಬುದು ಆ ಮನೆಯ ಪದ್ಧತಿ. ಹೇಳುವುದಿದ್ದರೆ ನೆಗೆಣ್ಣಿಯ, ಅಂದರೆ ಓರಗಿತ್ತಿಯ, ಮೂಲಕ ಹೇಳಬೇಕು. ಹಾಗಾಗಿ ಎಲ್ಲರಿಗೂ ಕೇಳುವ ಹಾಗೆ ಆಕೆ ಗಂಗವ್ವನಿಗೆ ಹೇಳಿದಳು: "ಅಕ್ಕಾ, ಈ ಗಾಡಿ ಮಳ್ಯಾಗ ಡಾಂಬರ್ ರೋಡಿಗೆ ಮುಟ್ಟತೈತೇನಂತ ಕೇಳ್ರಿ."

ಅಂಗಳದಲ್ಲಿ ನಗು ನಿಂತಿತು. ಕಾರಣವನ್ನು ಫಕ್ಕೀರಪ್ಪ ನನ್ನನ್ನು ಬಾವಿಯ ಕಡೆಗೆ ಕರೆದೊಯ್ದು ಹೇಳಿದ. ಹಿಂದಿನ ವರ್ಷ ಶ್ರಾವಣದಲ್ಲಿ ಆಕೆಗೆ ಬೇನೆ ಕಾಣಿಸಿಕೊಂಡು, ಚಕ್ಕಡಿಯಲ್ಲಿ ನವಲಗುಂದದ ದವಾಖಾನೆಗೆ ಹೊರಟಿದ್ದರು. ಹಳ್ಳದ ಹತ್ತಿರ ಗಾಲಿ ಹೂತವು. ಇನ್ನೊಂದು ಜೋಡಿ ಎತ್ತು ತರುವಷ್ಟರಲ್ಲಿ ಚಕ್ಕಡಿಯಲ್ಲೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ಈಗ ಮತ್ತೆ ಆಕೆ ಬಸುರಿ. ದಿನ ತುಂಬುವುದು ಮತ್ತೆ ಶ್ರಾವಣಕ್ಕೇ.

"ಅಣ್ಣಗ ಗೊತ್ತಿಲ್ಲಂತಲ್ಲರಿ," ಎಂದ ಫಕ್ಕೀರಪ್ಪ. "ದೊಡ್ಡ ಗಾಡಿಗೆ ಶಕ್ತಿ ಜಾಸ್ತಿ ಅಂತಾನ. ಸಿಕ್ಕೊಂಡ್ರ ಮನ್ಯಾಗ ಮೂರು ಜೋಡಿ ಎತ್ತು ಅದಾವು, ಹೂಡಿ ಜಗ್ಗಿದ್ರಾತು ಅಂತಾನ."

ಚಕ್ಕಡಿಯ ಲೆಕ್ಕವನ್ನೇ ನಿಂಗಪ್ಪನವರು ಮೋಟಾರಿಗೂ ಹಾಕಿದ್ದರು. ಹುಟ್ಟಿದಾಗಿನಿಂದ ಅವರು ಕಂಡದ್ದು ಅದೇ. ಹೂತ ಗಾಡಿಗೆ ಎತ್ತು ಹೆಚ್ಚಿಸಬೇಕು, ಗಾಡಿ ಬರುತ್ತದೆ. ಅಂದೇ ಅವರು ಮುಂಗಡಕ್ಕೆ ಸಿದ್ಧರಿದ್ದರು. ನನ್ನ ಚೀಲದಲ್ಲಿ ಅರ್ಜಿಯೂ ಇತ್ತು, ಪೆನ್ನೂ ಇತ್ತು. ನಾನು ಎರಡನ್ನೂ ಹೊರಗೆ ತೆಗೆಯಲಿಲ್ಲ. "ಜೂನ್‌ದಾಗ ಮಿರಗ ಮಳಿ ಬರ್ಲಿ ನಿಂಗಪ್ಪನೋರ. ಎರಡೂ ಗಾಡಿ ತರ್ತೇನಿ. ಹಸಿ ದಾರ್‍ಯಾಗ ನೋಡಿ ತಗೋರಿ" ಎಂದೆ. ಅವರಿಗೆ ಸಿಟ್ಟು ಬಂತು. "ಮಾರಾಂವ ನೀವೋ, ಮಾರಬ್ಯಾಡನ್ನಾಂವ ನೀವೋ?" ಎಂದರು. ಕಡೆಗೆ, "ತರ್ರಿ ಹಂಗಾದ್ರ. ನಿಮ್ಮ ಸಣ್ಣ ಗಾಡಿ ಮಾನ ನಮ್ಮೂರಾಗ ಹೋಗ್ಲಿ" ಎಂದು ಒಪ್ಪಿದರು.

ಮಾಲೀಕರು ಒಪ್ಪಲು ಇನ್ನೂ ಹೊತ್ತು ಹಿಡಿಯಿತು. "ತಗೋತೀನಿ ಅಂದಾಂವಗ ತಡೀ ಅಂತ ಹೇಳಿ ಬಂದಿಯಲ್ಲೋ ಮಾರಾಯಾ, ನಿನಗ ಯಾಂವ ಕೆಲಸ ಕೊಟ್ಟ?" ಎಂದು ಬೈದರು. ಕೊಟ್ಟವರು ಅವರೇ ಆದ್ದರಿಂದ ನಾನು ಸುಮ್ಮನಿದ್ದೆ. ಆದರೆ ದಿನಾ ಸಂಜೆ ಮನೆಗೆ ಹೊರಡುವ ಮೊದಲು ಅವರ ಮೇಜಿನ ಮುಂದೆ ನಿಂತು ಅದೇ ಮಾತು ಕೇಳುವುದನ್ನು ಬಿಡಲಿಲ್ಲ. ಮೇ ಮುಗಿಯುವುದರೊಳಗೆ ಅವರಿಗೆ ನನ್ನ ಮುಖ ಕಂಡರೆ ಬೇಸರ ಬರುವಂತಾಯಿತು. "ಒಯ್ಯಿ, ಎರಡೂ ಒಯ್ಯಿ" ಎಂದರು.

ಜೂನ್ ಎರಡನೆಯ ವಾರದಲ್ಲಿ ಮಳೆ ಹಿಡಿಯಿತು. ಮರುದಿನ ಬೆಳಿಗ್ಗೆ ತುಂತುರು ಇನ್ನೂ ಇದ್ದಾಗಲೇ ನಾವು ಡಾಂಬರು ರಸ್ತೆಯ ತಿರುವಿಗೆ ಬಂದೆವು. ದೊಡ್ಡದು ಖಾದರಸಾಬರ ಕೈಯಲ್ಲಿ, ಮಧ್ಯಮದ್ದು ನನ್ನ ಕೈಯಲ್ಲಿ. ಹಸಿ ಎರೆ ಅಂದರೆ ಕಲಸಿದ ಹಿಟ್ಟು. ಮೆಟ್ಟಿದ ಕಾಲಿಗೆ ಸೇರು ಮಣ್ಣು ಹತ್ತುತ್ತದೆ. ನಿಂಗಪ್ಪನವರು ತಿರುವಿನಲ್ಲೇ ಕಾಯುತ್ತಿದ್ದರು. ಜನರ ತೂಕಕ್ಕೆ ಬದಲಾಗಿ ಜೋಳದ ಚೀಲಗಳನ್ನು ಚಕ್ಕಡಿಯಲ್ಲಿ ತರಿಸಿದ್ದರು. ಎರಡೂ ಗಾಡಿಗೆ ಅದರದರ ಅಳತೆಯಷ್ಟು ಹೇರಿದೆವು.

ದೊಡ್ಡ ಪಿಕಪ್ ಮೊದಲು ಹೋಯಿತು, ಅದರ ಹಿಂದೆ ನಿಂಗಪ್ಪನವರನ್ನು ಕೂರಿಸಿಕೊಂಡು ನಾನು. ಎಂಜಿನ್ ಜೋರಿನದು, ಅರ್ಧ ದಾರಿ ದಾಟಿತು. ನಿಂಗಪ್ಪನವರು ನನ್ನ ಕಡೆ ತಿರುಗಿ ಮೀಸೆ ನೇವರಿಸಿಕೊಂಡರು. ಹಳ್ಳದ ಇಳಿಜಾರಿನಲ್ಲಿ ಅದು ನಿಂತಿತು. ಹಿಂದಿನ ಜೋಡಿ ಗಾಲಿಗಳ ನಡುವಿನ ಸಂದಿನಲ್ಲಿ ಎರೆ ತುಂಬಿ, ಎರಡು ಗಾಲಿ ಸೇರಿ ಒಂದೇ ಕಪ್ಪು ಉಂಡೆಯಾಗಿತ್ತು. ಟೈರಿನ ಹಲ್ಲು ನೆಲಕ್ಕೆ ತಾಗದ ಮೇಲೆ ಎಂಜಿನ್ನಿನ ಜೋರು ಏನು ಮಾಡೀತು? ತಿರುಗಿದಷ್ಟೂ ಗಾಡಿ ಇಳಿಯಿತು. ಎತ್ತು ಬಂದವು. ಒಂದು ಜೋಡಿ ಹೂಡಿದರು, ಎರಡನೆಯದನ್ನೂ ಹೂಡಿದರು. ಮಾರು ದೂರ ಬಂದು ಮತ್ತೆ ಕೂತಿತು. ಅಷ್ಟರಲ್ಲಿ ಊರಿನವರು ನೆರೆದಿದ್ದರು.

"ಏ ನಿಂಗಣ್ಣಾ," ಎಂದ ಒಬ್ಬ, "ಎತ್ತಿಗೆ ಹೊಟ್ಟು ಹಾಕಾಂವ, ಗಾಡಿಗೆ ಡೀಸೆಲ್ ಯಾಕ ಹಾಕ್ತೀಯೋ?"

ನಿಂಗಪ್ಪನವರ ಮುಖ ಕೆಂಪಾಯಿತು. "ಮೂರನೇ ಜೋಡಿ ತರ್ರಲೇ!" ಎಂದು ಕೂಗಿದರು.

ಆಗ ಜನರ ಹಿಂದಿನಿಂದ ಶಾಂತವ್ವ ಬಂದಳು. ತಟ್ಟಿನ ಚೀಲವನ್ನು ಕೊಪ್ಪಿ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದಳು. ಗಂಗವ್ವ ಆಕೆಯ ರಟ್ಟೆ ಹಿಡಿದು, "ಬ್ಯಾಡ ಬೇ, ನಾ ಹೇಳ್ತೇನಿ" ಎಂದು ಜಗ್ಗುತ್ತಿದ್ದರು. ಶಾಂತವ್ವ ಕೈ ಬಿಡಿಸಿಕೊಂಡು ನೇರ ನಿಂಗಪ್ಪನವರ ಮುಂದೆ ನಿಂತಳು. ಅದೇ ಹಳ್ಳದ ದಂಡೆ.

"ಭಾವಾರ, ಮೂರನೇ ಜೋಡಿ ಬರೂತನಾ ಹೊಟ್ಟ್ಯಾಗಿನ ಕೂಸು ಕಾಯಂಗಿಲ್ರಿ. ಹ್ವಾದ ವರ್ಷ ಕಾಯಲಿಲ್ಲ."

ಮದುವೆಯಾಗಿ ಬಂದ ಮೇಲೆ ಆಕೆ ಅವರೊಡನೆ ಆಡಿದ ಮೊದಲ ಮಾತು ಅದು ಎಂದು ಆಮೇಲೆ ತಿಳಿಯಿತು. ನಿಂಗಪ್ಪನವರು ಎತ್ತಿನ ಕೊರಳ ಹಗ್ಗವನ್ನು ತಾವೇ ಬಿಚ್ಚಿದರು. ಬಿಚ್ಚಿ, ಹೆಂಡತಿಗೆ, "ಆಕಿನ್ನ ಮನಿಗೆ ಕರ್ಕೊಂಡು ಹೋಗ. ತಂಪ ಹತ್ತತೈತಿ" ಎಂದರು. ಆಮೇಲೆ ನನಗೆ, "ನಿಮ್ಮದು ಬಿಡ್ರಿ, ನೋಡೂಣು."

ಶಾಂತವ್ವ ಮನೆಗೆ ಹೋಗಲಿಲ್ಲ. ನಾನು ಲಿವರ್ ಹಾಕಿ ಹೊರಟೆ. ಗಾಡಿ ಹಗುರಾದರೂ ಎರೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಇಳಿಜಾರಿನಲ್ಲಿ ಹೂತ ದೊಡ್ಡ ಗಾಡಿಯನ್ನು ಬಳಸಿ ಹೋಗುವಾಗ ಹಿಂಭಾಗ ಒಂದು ಮಗ್ಗುಲಿಗೆ ಜಾರಿತು, ಏರಿನ ನಡುವೆ ನಿಂತೂಬಿಟ್ಟಿತು. ಇಳಿದು ಮಡ್‌ಗಾರ್ಡಿನ ಕೆಳಗಿನ ಮಣ್ಣನ್ನು ಹಾರೆಯಿಂದ ಕೆರೆದೆ. ಒಂಟಿ ಗಾಲಿಯಾದ್ದರಿಂದ ಕೆರೆದರೆ ಬರುತ್ತಿತ್ತು. ಫಕ್ಕೀರಪ್ಪ ಇನ್ನೊಂದು ಬದಿ ಕೆರೆದ. ಮತ್ತೆ ಹತ್ತಿ ಮೊದಲ ಗೇರಿನಲ್ಲಿ ಮೆಲ್ಲಗೆ ಎತ್ತಿದಾಗ ಮುಂದಿನ ಗಾಲಿಗಳು ಹಿಡಿದವು. ಗಾಡಿ ಏರು ಹತ್ತಿ ಊರಿನ ಅಗಸಿ ಬಾಗಿಲಿಗೆ ಮುಟ್ಟಿತು. ಅಲ್ಲೇ ತಿರುಗಿಸಿ, ಬಂದ ದಾರಿಯಲ್ಲೇ ಡಾಂಬರು ರಸ್ತೆಗೂ ಮುಟ್ಟಿಸಿ ತೋರಿಸಿದೆ. ಎತ್ತು ಬೇಕಾಗಲಿಲ್ಲ.

ನಿಂಗಪ್ಪನವರು ಗಾಡಿಯ ಸುತ್ತ ಒಮ್ಮೆ ನಡೆದರು. ಹಿಂದಿನ ಸೀಟಿನ ಬಾಗಿಲು ತೆಗೆದು ಗೇಣಿನಿಂದ ಅಳೆದರು. "ಇದರಾಗ ಒಬ್ಬರು ಮಲಗಾಕ ಆಗತೈತೇನ್ರಿ?"

ಆಗುತ್ತಿರಲಿಲ್ಲ. ಸೀಟು ಎರಡು ತುಂಡಾಗಿತ್ತು, ನಡುವೆ ಸಂದು. ಅದನ್ನು ಕಿತ್ತು ಬಾಗಿಲಿಂದ ಬಾಗಿಲಿಗೆ ಒಂದೇ ಬೆಂಚು ಮಾಡಿಸಿಕೊಡುತ್ತೇನೆ ಎಂದು ಹೇಳಿದೆ. ಅವರು ಮುಂಗಡ ಕೊಟ್ಟ ಮೇಲೆ ಹುಬ್ಬಳ್ಳಿಯ ಬಾಡಿ ಕಟ್ಟುವ ಶೆಡ್ಡಿನಲ್ಲಿ ನಿಂತು ಮಾಡಿಸಿದೆ. ದೊಡ್ಡ ಗಾಡಿಯನ್ನು ಆ ದಿನವೇ ಸಂಜೆಯ ಹೊತ್ತಿಗೆ ಟ್ರ್ಯಾಕ್ಟರಿನಿಂದ ಎಳೆಸಿ ತಂದಾಗ ಮಾಲೀಕರು ಅದರ ಗಾಲಿ ನೋಡಿ, "ಮಾರಾಕ ಒಯ್ದಿದ್ಯೋ, ಹುಗ್ಯಾಕ ಒಯ್ದಿದ್ಯೋ?" ಎಂದರು. ಅದನ್ನು ಮಳೆ ನಿಂತ ಮೇಲೆ ಹುಬ್ಬಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿ ಕೊಂಡರು. ಡಾಂಬರಿನ ಮೇಲೆ ಅದು ಚಿನ್ನದಂಥ ಗಾಡಿ. ಆ ಮಾತನ್ನೂ ಹೇಳಬೇಕು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಜಡಿ ಮಳೆಯಲ್ಲಿ, ಶಾಂತವ್ವನನ್ನು ಆ ಬೆಂಚಿನ ಮೇಲೆ ಮಲಗಿಸಿಕೊಂಡು ಫಕ್ಕೀರಪ್ಪ ಗಾಡಿ ಬಿಟ್ಟ. ಮುಂದೆ ಅಣ್ಣ ಹಾರೆ ಹಿಡಿದು ಕೂತಿದ್ದರಂತೆ. ದಾರಿಯಲ್ಲಿ ಎರಡು ಕಡೆ ಇಳಿದು ಕೆರೆದರಂತೆ. ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೊದಲ ಸರ್ವಿಸಿಗೆ ಗಾಡಿ ತಂದಾಗ ನಿಂಗಪ್ಪನವರು ಪೇಢೆಯ ಡಬ್ಬಿಯನ್ನು ಎಂಜಿನ್ನಿನ ಬಾನೆಟ್ ಮೇಲೆ ಇಟ್ಟು ಮೊದಲು ಗಾಡಿಗೆ ತೋರಿಸಿ, ಆಮೇಲೆ ನಮಗೆ ಹಂಚಿದರು.

ಸೀಗಿ ಹುಣ್ಣಿಮೆಗೆ ನನ್ನನ್ನು ಹೊಲಕ್ಕೆ ಕರೆದಿದ್ದರು. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ, ಪೈರಿಗೆ ಪೂಜೆ ಮಾಡಿ, ಅಡಿಗೆಯನ್ನು ಹೊಲದ ತುಂಬ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ನಿಂಗಪ್ಪನವರು ಹೆದರಿದ್ದ ದಿನ ಅದೇ. ಒಮ್ಮೆಲೆ ಎಲ್ಲರೂ ಹಿಡಿಯುವುದಿಲ್ಲ, ಮೂರು ಸರತಿ ಆಗಲೇಬೇಕು. ಬಾಣಂತಿ, ಕೂಸು, ಬುಟ್ಟಿ ಹೊತ್ತ ಹೆಂಗಸರು ಮೊದಲನೆಯ ಸರತಿಗೆ ಬಂದರು. ಅವರ ಜೊತೆ ನಾನೂ ಇದ್ದೆ. ಬಿಸಿ ಹೋಳಿಗೆ, ಪುಂಡಿಪಲ್ಲೆ, ಸಜ್ಜೆ ಕಡುಬಿನ ವಾಸನೆಗೆ ಮಕ್ಕಳು ಗಲಾಟೆ ಮಾಡಿದವು. ಗಂಗವ್ವ ಬುಟ್ಟಿಯ ಮೇಲಿನ ಬಟ್ಟೆ ತೆಗೆಯಲು ಬಿಡಲಿಲ್ಲ. ಎರಡನೆಯ ಸರತಿ ಬಂತು. ಆಗಲೂ ಬಿಡಲಿಲ್ಲ. ಕಡೆಯ ಸರತಿಯಲ್ಲಿ ನಿಂಗಪ್ಪನವರು ಇಳಿದು ಬದುವಿನ ಮೇಲೆ ಬಂದರು. ಮುಚ್ಚಿದ್ದ ಬುಟ್ಟಿಗಳನ್ನೂ, ತಮಗಾಗಿ ಕಾದು ಕೂತಿದ್ದ ಮನೆಮಂದಿಯನ್ನೂ ಅವರು ನೋಡಿದರು.

"ಆರಿ ಹೋತಲ್ಲಲೇ ಎಲ್ಲಾ, ಉಣಬಾರದೇನ?" ಎಂದರು. ಬೈಗುಳದಂತಿತ್ತು, ಆದರೆ ಬೈದ ದನಿಯಲ್ಲ.

ಆಮೇಲೆ ಎಷ್ಟೋ ಗಾಡಿ ಮಾರಿದೆ. ಎಷ್ಟು ಜನ ಹಿಡಿಯುತ್ತಾರೆ, ಎಷ್ಟು ಚೀಲ ಹೇರಬಹುದು ಎಂದು ಗಿರಾಕಿಗಳು ಕೇಳುತ್ತಲೇ ಇದ್ದರು, ನಾನು ಹೇಳುತ್ತಲೇ ಇದ್ದೆ. ಆದರೆ ಅರ್ಜಿ ತೆಗೆಯುವ ಮೊದಲು ನನ್ನದೂ ಒಂದು ಪ್ರಶ್ನೆ ಇರುತ್ತಿತ್ತು: ನಿಮ್ಮ ಮನೆಯಲ್ಲಿ ಕಾಯಲು ಆಗದವರು ಯಾರು? ಗಾಡಿಯನ್ನು ಅವರಿಗಾಗಿ ಆರಿಸಬೇಕು. ಉಳಿದವರು ಹೊಲದ ಬದುವಿನ ಮೇಲೆ ಕೂತು ಒಬ್ಬರಿಗೊಬ್ಬರು ಕಾಯುತ್ತಾರೆ.