ಒಳಗಿನ ಹಿಡಿಕೆ

ನಾನು ಚಿಕ್ಕವಳಿದ್ದಾಗ ಅಪ್ಪ ಚಿತ್ರದುರ್ಗದ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ವ್ಯಾನು ಕಟ್ಟುವ ಮೇಸ್ತ್ರಿಯಾಗಿದ್ದ. ಇಂಜಿನ್ನು, ಚಕ್ರ, ಚಾಸಿ ಅನ್ನುವ ಕೆಳಗಿನ ಚೌಕಟ್ಟು ಕಂಪನಿಯಿಂದ ಬರುತ್ತಿದ್ದವು. ಮೇಲಿನದೆಲ್ಲ ನಮ್ಮಲ್ಲೇ ಆಗಬೇಕಿತ್ತು. ಅಪ್ಪನಿಗೆ ಕಾಗದದ ನಕ್ಷೆ ಆಗಿಬರುತ್ತಿರಲಿಲ್ಲ. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ವ್ಯಾನನ್ನು ಅದರ ಅಳತೆಯಲ್ಲೇ ಬರೆದು, ಸುತ್ತ ನಡೆದು ನೋಡಿ, ಆಮೇಲೆ ತಗಡು ಕತ್ತರಿಸುತ್ತಿದ್ದ.

ಕೊಳ್ಳುವವರ ಕೈಗೆ ಕೊಡುವ ಮುಂಚೆ ಶೆಡ್ಡಿನ ಮುಂದಿನ ಬಯಲಿನಲ್ಲಿ ನೀರಿನ ಪರೀಕ್ಷೆ. ಒಬ್ಬರು ಒಳಗೆ ಕೂರಬೇಕು, ಹೊರಗಿನಿಂದ ಕೊಡಗಟ್ಟಲೆ ನೀರು ಸುರಿಯುತ್ತಾರೆ, ಸೋರಿದಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಮೂಲೆಮೂಲೆಗೂ ನುಸುಳುತ್ತೇನೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನಿಲ್ಲದೆ ವ್ಯಾನೇ ಹೊರಡುವುದಿಲ್ಲ ಎಂದು ಬೀಗುತ್ತಿದ್ದೆ.

ಅಂದು ಭರಮಸಾಗರದ ಸಾಹುಕಾರರೊಬ್ಬರು ಹೊಸ ವ್ಯಾನು ಒಯ್ಯಲು ಬಂದು ಕಾಯುತ್ತಿದ್ದರು. ಡ್ರೈವರಿನ ಜಾಗಕ್ಕೂ ಹಿಂಭಾಗಕ್ಕೂ ನಡುವೆ ತಗಡಿನ ಗೋಡೆ, ಹಿಂಭಾಗಕ್ಕೆ ಒಂದೇ ಬಾಗಿಲು, ಕಿಟಕಿಗಳಿಗೆ ತೆರೆಯಲಾಗದ ಗಾಜು. ಬಾಗಿಲಿನ ಒಳಗಿನ ಹಿಡಿಕೆಯನ್ನು ನಾವು ಕಟ್ಟಕಡೆಗೆ ಹಾಕುವುದು ರೂಢಿ, ಬಣ್ಣಕ್ಕೆ ಗೀರು ಬೀಳದಿರಲೆಂದು. ಅಕ್ಕ ಹೊರಗಿನಿಂದ ಬಾಗಿಲು ಹಾಕಿದಳು, ನೀರು ಸುರಿದರು, ನಾನು ಎರಡು ಕಡೆ ಗುರುತು ಹಾಕಿದೆ. ಅಕ್ಕ ಬಾಗಿಲು ತೆಗೆಯಲು ಹೋದರೆ ಹೊರಗಿನ ಹಿಡಿಕೆ ಗಿರ್ರನೆ ತಿರುಗಿ ಅವಳ ಕೈಗೇ ಬಂತು.

ನನ್ನ ಜಂಬವೆಲ್ಲ ಆಗಲೇ ಇಳಿಯಿತು. ವ್ಯಾನಿನ ನೆತ್ತಿಯ ಮೇಲೆ ಬಿಸಿಲು, ಕಾದ ತಗಡು, ಹೊಸ ಬಣ್ಣದ ಘಾಟು. ಒಳಗಿನ ಹಿಡಿಕೆಯ ಜಾಗದಲ್ಲಿ ಬರೀ ತೂತು. ಅದಕ್ಕೆ ಬೆರಳು ತೂರಿಸಿ ಎಳೆದೆ, ಬೆರಳು ಕುಯ್ದುಕೊಂಡಿತು. ಉಸಿರು ಸಾಲುತ್ತಿರಲಿಲ್ಲ. ಇಲ್ಲೇ ಸತ್ತುಹೋಗುತ್ತೇನೆ ಅನ್ನಿಸಿತು ಮಕ್ಕಳೇ, ಸುಳ್ಳು ಹೇಳುತ್ತಿಲ್ಲ.

ಅಕ್ಕ ಗಾಜಿಗೆ ಕೈಯೊತ್ತಿ, "ಅಳಬ್ಯಾಡ ಕಣೆ, ಅಪ್ಪ ಬಂದ" ಎಂದಳು. ಅವಳೇ ಅಳುತ್ತಿದ್ದಳು. ಅಪ್ಪ ಕಬ್ಬಿಣದ ಸರಳು ಹಾಕಿ ಮೀಟಿದ, ಬಾಗಿಲು ಅಲುಗಲಿಲ್ಲ. ಅಪ್ಪ ಕಟ್ಟಿದ್ದಲ್ಲವೇ, ಅಷ್ಟು ಗಟ್ಟಿ. ಕೊನೆಗೆ ಸುತ್ತಿಗೆ ಎತ್ತಿದ.

"ಗಾಜು ಒಡೀಬ್ಯಾಡ್ರಿ ಮೇಸ್ತ್ರಿ, ಇವತ್ತೇ ಒಯ್ಯಬೇಕು ನಾನು" ಎಂದರು ಸಾಹುಕಾರರು.

"ಗಾಜು ಇನ್ನೊಂದು ತರ್ಬೋದು ಬಿಡ್ರಿ" ಎಂದ ಅಪ್ಪ. ನನ್ನತ್ತ ಬಗ್ಗಿ, "ಆ ಮೂಲೆಗೆ ಹೋಗವ್ವ, ಕೆಳಗಿರೋ ಗೋಣಿಚೀಲ ಹೊದ್ಕ" ಎಂದ. ಒಂದೇ ಏಟಿಗೆ ಗಾಜು ಪುಡಿಯಾಯಿತು. ಅಪ್ಪ ನನ್ನನ್ನು ಈಚೆಗೆ ಎಳೆದುಕೊಂಡು, ಕುಯ್ದ ಬೆರಳಿಗೆ ತನ್ನ ಟವೆಲ್ಲು ಸುತ್ತಿದ. ಸಾಹುಕಾರರು ಸಿಡುಕುತ್ತಾ ಬರಿಗೈಯಲ್ಲಿ ಊರಿಗೆ ಹೋದರು.

ಮಾರನೆಯ ದಿನದಿಂದ ಶೆಡ್ಡಿನ ರೂಢಿ ಬದಲಾಯಿತು. ಬಾಗಿಲು ಕೂರಿಸಿದೊಡನೆ ಒಳಗಿನ ಹಿಡಿಕೆ, ಬಣ್ಣ ಆಮೇಲೆ.

ನಿಮ್ಮ ಕಾರಿನ ನಕ್ಷೆ ಕಂಪ್ಯೂಟರಿನಲ್ಲಿ ಬರೆದದ್ದಂತೆ, ಬೆಸುಗೆ ಹಾಕುವುದು ಯಂತ್ರವಂತೆ. ಇರಲಿ, ಚೆಂದವೇ ಇದೆ. ಆದರೆ ಹಿಂದಿನ ಸೀಟಿನ ಬಾಗಿಲು ಒಳಗಿನಿಂದ ತೆರೆಯದಂತೆ ನಿಮ್ಮಪ್ಪ ಲಾಕು ಹಾಕಿಟ್ಟಿದ್ದಾನೆ, ಓಡುವ ಕಾರಿನಿಂದ ನೀವು ಬೀಳದಿರಲೆಂದು. ಅದೂ ಸರಿಯೇ, ನನಗೆ ಅರ್ಥವಾಗುತ್ತದೆ. ಆದರೂ ಹಿರಿಯೂರಿಗೆ ಹೋಗುವಾಗ ಅಜ್ಜಿ ಸುಮ್ಮನೆ ಹಿಡಿಕೆ ಎಳೆಯುತ್ತಾಳೆಂದು ನಗುತ್ತೀರಲ್ಲ, ಅದು ಸುಮ್ಮನೆ ಅಲ್ಲ. ಬಾಗಿಲು ತೆರೆಯದಿದ್ದಾಗಲೆಲ್ಲ ಕಿಟಕಿಯಾಚೆ ನನ್ನಪ್ಪನನ್ನು ಹುಡುಕುತ್ತೇನೆ.