ವಕೀಲಮ್ಮನಿಗೆ ಹೊದಿಸಿದ ಶಾಲು

ಇದನ್ನು ಬರೆಯಲು ಎಷ್ಟೋ ಸಲ ಕೂತು, ಎಷ್ಟೋ ಸಲ ಎದ್ದು ಹೋಗಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದುಕೊಂಡೆ. ಆಮೇಲೆ ಮೊಮ್ಮಗಳ ಮದುವೆ ಕಳೆಯಲಿ ಅಂದುಕೊಂಡೆ. ಎರಡೂ ಆಗಿಹೋದವು. ಇನ್ನು ಹೇಳಲು ನನ್ನ ಹತ್ತಿರ ನೆಪ ಉಳಿದಿಲ್ಲ...

ಹೋದ ತಿಂಗಳು ನಮ್ಮೂರ ಹಾಲಿನ ಡೇರಿಯವರು, ಹಳೆಯ ಕಾರ್ಯದರ್ಶಿ ಎಂದು ನನ್ನನ್ನು ಕರೆದು ಸನ್ಮಾನ ಮಾಡಿದರು. ಆಗ ತಾನೇ ಪ್ಲಾಸ್ಟಿಕ್ ಕವರಿನಿಂದ ತೆಗೆದ ಶಾಲನ್ನು ಹೆಗಲಿಗೆ ಹೊದಿಸಿದಾಗ ಅದರ ವಾಸನೆ ಮೂಗಿಗೆ ಬಡಿಯಿತು. ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ, ಅದರ ಜೊತೆಗೆ ಗಂಧದ ಹಾರದ್ದು. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದುಕೊಂಡು ನಿಂತಿದ್ದೆ, ನಿಜ. ಆದರೆ ನನಗೆ ಕಾಣುತ್ತಿದ್ದುದು ಬೇರೆ ವೇದಿಕೆ, ಬೇರೆಯವರ ಹೆಗಲು.

ಡೇರಿಯಿಂದ ನಿವೃತ್ತನಾದ ಮೇಲೆ ನಾನು ಒಂದು ವೃದ್ಧಾಶ್ರಮದ ಸಮಿತಿಗೆ ಕಾರ್ಯದರ್ಶಿಯಾಗಿದ್ದೆ. ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವಾಗ ನಾಲೆಯ ಪಕ್ಕದಲ್ಲಿ ಆ ಕಟ್ಟಡವಿತ್ತು. ಅಧ್ಯಕ್ಷರು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವರು, ಜಮೀನು ಉಳ್ಳವರು. ಊರೂರು ಸುತ್ತಿ ಚಂದಾ ಎತ್ತಿ ಆಶ್ರಮ ಕಟ್ಟಿಸಿದವರು ಅವರೇ. ಕೆಟ್ಟವರೇನಲ್ಲ. ನಾನೂ ಕೆಟ್ಟವನಲ್ಲ ಎಂದೇ ಆಗ ತಿಳಿದುಕೊಂಡಿದ್ದೆ.

ಅಲ್ಲಿ ಮೇಲುಕೋಟೆಯ ಒಬ್ಬ ಮೇಡಂ ಇದ್ದರು. ಮದುವೆಯಾಗದೆ ಊರೂರಿನಲ್ಲಿ ಪಾಠ ಹೇಳಿ, ಕೊನೆಗಾಲಕ್ಕೆ ಪೆನ್ಷನ್ ಸಮೇತ ನಮ್ಮಲ್ಲಿಗೆ ಬಂದು ಸೇರಿದವರು. ಒಂದು ದಿನ ಅವರು ಸಮಿತಿಯ ಸಭೆಗೆ ಬಂದು ಒಂದು ಬೇಡಿಕೆ ಇಟ್ಟರು. ಒಳಗಿರುವವರ ಕಷ್ಟವನ್ನು ಕೂತು ಕೇಳಲು, ಕೇಳಿದ್ದನ್ನು ಸಮಿತಿಯ ಮುಂದೆ ಹೇಳಲು ಹೊರಗಿನ ಒಬ್ಬರು ಬೇಕು ಎಂದರು. ಒಳಗಿರುವವರು ತಾವೇ ಹೇಳಬಹುದಲ್ಲ ಎಂದು ನಾವು ಕೇಳಿದೆವು. ಉಣ್ಣುವ ತಟ್ಟೆ ನಿಮ್ಮದು, ಮಲಗುವ ಮಂಚ ನಿಮ್ಮದು, ಹಾಗಿರುವಾಗ ಯಾರು ಬಾಯಿ ಬಿಡುತ್ತಾರೆ ಎಂದು ಮೇಡಂ ನಕ್ಕರು. ಬರುವವರಿಗೆ ಗೌರವಧನ ತಮ್ಮ ಪೆನ್ಷನ್ನಿನಿಂದ ಕೊಡುತ್ತೇನೆ ಎಂದ ಮೇಲೆ ನಮಗೆ ಬೇಡವೆನ್ನಲು ಕಾರಣವಿರಲಿಲ್ಲ.

ಹಾಗೆ ಬಂದವರು ನಾನು ಹೇಳಹೊರಟಿರುವ ಈ ಹೆಂಗಸು. ಕೆ.ಆರ್. ಪೇಟೆ ತಾಲ್ಲೂಕು, ಮಾಕವಳ್ಳಿ ಹತ್ತಿರದ ಹಳ್ಳಿಯವರು. ಗಂಡನನ್ನು ಕಳೆದುಕೊಂಡು, ಮನೆಯಲ್ಲಿ ರವಿಕೆ ಹೊಲಿಯುತ್ತಾ ಒಬ್ಬಳೇ ಮಗಳನ್ನು ಓದಿಸುತ್ತಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಬಹಳ ವರ್ಷ ನೋಡಿಕೊಂಡಿದ್ದರಂತೆ. ಅದೊಂದೇ ಅವರ ಅನುಭವ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದು, ಅಲ್ಲಿಂದ ಸಿಕ್ಕ ಆಟೋ ಹತ್ತಿ ಬರುತ್ತಿದ್ದರು. ಬಂದವರು ಆಫೀಸಿಗೆ ಬರುತ್ತಿರಲಿಲ್ಲ. ನೇರವಾಗಿ ಮಂಚಗಳ ಹತ್ತಿರ ಹೋಗಿ, ಒಬ್ಬೊಬ್ಬರ ಕಾಲದೆಸೆಯಲ್ಲಿ ಕೂತು, ಏನೋ ಒಂದು ಕೆಲಸ ಮಾಡುತ್ತಾ ಮಾತಿಗೆ ಎಳೆಯುತ್ತಿದ್ದರು. ಉಗುರು ತೆಗೆಯುವುದೋ, ಹರಿದ ದಿಂಬಿನ ಕವರಿಗೆ ಹೊಲಿಗೆ ಹಾಕುವುದೋ... ಅವರ ಕೈ ಸುಮ್ಮನೆ ಕೂತದ್ದನ್ನು ನಾನು ನೋಡಲಿಲ್ಲ.

ಅವರಿಗೆ ವಕೀಲಮ್ಮ ಎಂದು ಹೆಸರಿಟ್ಟವರು ಆಶ್ರಮದಲ್ಲೇ ಇದ್ದ ನಾಗಮಂಗಲದ ಆಚಾರ್ರು. ಚಿನ್ನ ಬೆಳ್ಳಿ ಕೆಲಸ ಮಾಡಿ ಕಣ್ಣು ಮಂಜಾಗಿದ್ದ ಮುದುಕರು, ಸಕ್ಕರೆ ಕಾಯಿಲೆ ಬೇರೆ. "ಕರೀ ಕೋಟೊಂದು ಇಲ್ಲ ಅಷ್ಟೇ ಕಣವ್ವ, ಮಿಕ್ಕಿದ್ದೆಲ್ಲ ಅದೆ ನಿಂತಾವ" ಎಂದು ಅವರು ಹೇಳಿದ ಮೇಲೆ ಎಲ್ಲರೂ ಹಾಗೇ ಕರೆದರು. ನಾವೂ ಹಾಗೇ ಕರೆದೆವು. ನಾವು ಕರೆಯುವಾಗ ಅದರಲ್ಲಿ ಸ್ವಲ್ಪ ಕುಹಕ ಇರುತ್ತಿತ್ತು.

ಆಶ್ರಮದಲ್ಲಿ ಸಂಜೆ ಐದು ಗಂಟೆಗೆಲ್ಲ ಊಟ ಬಡಿಸಿಬಿಡುತ್ತಿದ್ದರು. ಅಡುಗೆಯವಳು ಕೆ.ಆರ್.ಎಸ್. ಕಡೆಯ ಹಳ್ಳಿಯವಳು, ಅವಳ ಕೊನೆಯ ಬಸ್ಸು ತಪ್ಪಬಾರದೆಂದು ಯಾವ ಕಾಲದಲ್ಲೋ ಮಾಡಿಕೊಂಡ ಏರ್ಪಾಡು ಅದು. ಐದಕ್ಕೆ ಉಂಡವರು ಮರುದಿನ ಬೆಳಗಿನ ತಿಂಡಿಯವರೆಗೆ ಹೊಟ್ಟೆಗೆ ಏನೂ ಇಲ್ಲದೆ ಇರಬೇಕು. ನನಗಾಗಲಿ ಅಧ್ಯಕ್ಷರಿಗಾಗಲಿ ಇದು ಒಂದು ವಿಷಯ ಎಂದು ಹೊಳೆದೇ ಇರಲಿಲ್ಲ. ನಾವು ಮನೆಯಲ್ಲಿ ಒಂಬತ್ತಕ್ಕೆ ಉಣ್ಣುತ್ತಿದ್ದೆವು. ವಕೀಲಮ್ಮ ಇದನ್ನು ಸಭೆಯಲ್ಲಿ ಎತ್ತಿದರು. ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಜಾವ ಕೈಕಾಲು ನಡುಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಆಚಾರ್ರಿಗೆ ಆಗಲೇ ಹಾಗಾಗಿದೆ ಎಂದರು. ನೋಡೋಣ ಎಂದೆವು. ಮುಂದಿನ ಸಭೆಯಲ್ಲಿ ಮತ್ತೆ ಎತ್ತಿದರು, ಅದರ ಮುಂದಿನದರಲ್ಲೂ. ಕೊನೆಗೆ ಪಕ್ಕದ ಊರಿನ ಒಬ್ಬ ಹೆಂಗಸನ್ನು ಸಂಜೆಯ ಅಡುಗೆಗೆ ನೇಮಿಸಿದೆವು, ಊಟ ಎಂಟಕ್ಕೆ ಹೋಯಿತು. ಸಂಬಳದ ಹೊರೆ ಒಂದು ಹೆಚ್ಚಾಯಿತು ಎಂದು ಅಧ್ಯಕ್ಷರು ತುಂಬಾ ದಿನ ಗೊಣಗಿದರು.

ಆಮೇಲೆ ಮೇಲುಕೋಟೆಯ ಮೇಡಂ ತೀರಿಕೊಂಡರು. ಪೆನ್ಷನ್ ನಿಂತಿತು, ವಕೀಲಮ್ಮನ ಗೌರವಧನವೂ ನಿಂತಿತು. ಅವರು ಮೊದಲ ಬಾರಿಗೆ ಆಫೀಸಿಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ನನ್ನನ್ನು ಕೇಳಿದರು.

"ಅಡುಗೆಯವ್ರಿಗೆ ಕೊಡೋವಷ್ಟು ಕೊಡಿ ಸಾರ್. ಜಾಸ್ತಿ ಕೇಳಾಕಿಲ್ಲ. ಬಸ್ಸಿಗೆ, ಆಟೋಗೆ ಓದ್ರೆ ಕೈಲಿ ಏನೂ ನಿಲ್ಲಾಕಿಲ್ಲ. ಬರೋ ದಿನ ಮಿಷನ್ನೂ ಮುಚ್ಚಾಕಬೇಕು."

ಸಭೆಯಲ್ಲಿ ಇಡುತ್ತೇನೆ ಎಂದೆ. ಇಡುವ ಮನಸ್ಸೂ ಆಗ ಇತ್ತು. ಡೇರಿಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದವನಿಗೆ ಇದು ಬೇರೆಯವರು ಹೇಳಿಕೊಡಬೇಕಾದ ಮಾತಲ್ಲ. ಹಾಲಿನ ಜಿಡ್ಡು ನೋಡುವವನಿಗೆ ಸರಿಯಾದ ಸಂಬಳ ಇಲ್ಲದಿದ್ದರೆ ಅವನು ಯಾರ ಹಾಲನ್ನೂ ನೆಟ್ಟಗೆ ನೋಡುವುದಿಲ್ಲ, ಇಲ್ಲವೇ ಕೆಲಸ ಬಿಟ್ಟು ಹೋಗುತ್ತಾನೆ. ಇದನ್ನು ನಾನೇ ಎಷ್ಟೋ ಸಭೆಗಳಲ್ಲಿ ವಾದಿಸಿದ್ದೆ.

ಆದರೆ ಅದೇ ವಾರ ಮೈಸೂರಿನ ದಾನಿಗಳು ಆಶ್ರಮ ನೋಡಲು ಬಂದರು. ನಾನು ಅವರನ್ನು ಕರೆದುಕೊಂಡು ಎಲ್ಲ ತೋರಿಸುತ್ತಿದ್ದೆ. ಹೆಂಗಸರ ಕೋಣೆಯಲ್ಲಿ ಬಿಸಿನೀರಿನ ಗೀಸರ್ ತೋರಿಸಿ, ಚಳಿಗಾಲದಲ್ಲಿ ಎಲ್ಲರಿಗೂ ದಿನವೂ ಬಿಸಿನೀರು ಎಂದೆ. ಅಲ್ಲೇ ಒಬ್ಬ ಅಜ್ಜಿಯ ತಲೆ ಬಾಚುತ್ತಿದ್ದ ವಕೀಲಮ್ಮ, ತಲೆ ಎತ್ತದೆ, ಅದು ಕೆಟ್ಟು ತಿಂಗಳಾಯಿತು ಎಂದು ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ. ಹೊತ್ತೆಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದರು. ದಾನಿಗಳು ನನ್ನ ಮುಖ ನೋಡಿದರು...

ಅವತ್ತು ಸಂಜೆ ಅಧ್ಯಕ್ಷರು ರೇಗಿದರು. "ಲೇ ಸೆಕ್ರೆಟ್ರಿ, ನಮ್ ಕೈಯಿಂದಾನೇ ಸಂಬಳ ಕೊಟ್ಟು ನಮ್ ಮಾನಾನೇ ಕಳ್ಕಬೇಕೇನ್ಲಾ? ನಾಳೆಯಿಂದ ಗೇಟ್ ಒಳಿಕ್ಕೆ ಬುಡಬ್ಯಾಡ ಅವ್ಳ."

ಗೇಟಿನಲ್ಲಿ ತಡೆದಿದ್ದರೆ ಒಳಗಿರುವವರು ಗಲಾಟೆ ಮಾಡುತ್ತಿದ್ದರು, ಸುದ್ದಿ ಊರಿಗೆ ಹರಡುತ್ತಿತ್ತು. ಉಪಾಯ ಹೇಳಿದವನು ನಾನು. ಆ ಮಾತು ನನ್ನ ಬಾಯಿಂದಲೇ ಬಂತು.

"ತಡೆಯದು ಬ್ಯಾಡ. ಸನ್ಮಾನ ಮಾಡ್ಬುಡಣ."

ಅಧ್ಯಕ್ಷರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಬೆನ್ನು ತಟ್ಟಿ ನಕ್ಕರು.

ಆಶ್ರಮದ ವಾರ್ಷಿಕೋತ್ಸವ ಹತ್ತಿರವಿತ್ತು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ತಟ್ಟೆ ಎಲ್ಲವನ್ನೂ ನಾನೇ ಹೋಗಿ ತಂದೆ. ಶಾಲಿನಲ್ಲಿ ಒಳ್ಳೆಯದನ್ನೇ ಆರಿಸಿದೆ. ಅಭಿನಂದನಾ ಪತ್ರವನ್ನೂ ನಾನೇ ಬರೆದೆ. ವಕೀಲಮ್ಮನಿಗೆ ಸನ್ಮಾನದ ವಿಷಯ ಮೊದಲೇ ಹೇಳಿರಲಿಲ್ಲ. ಅವರು ಅಜ್ಜಿಯರ ಸಾಲಿನಲ್ಲಿ ಒಬ್ಬರಿಗೆ ಬೀಸಣಿಗೆ ಬೀಸುತ್ತಾ ಕೂತಿದ್ದರು. ಮೈಕಿನಲ್ಲಿ ಕರೆದಾಗ ಗಾಬರಿಯಾಗಿ ಎದ್ದು, ಸೆರಗು ಸರಿಮಾಡಿಕೊಂಡು ಬಂದರು. ಮಗಳೂ ಬಂದಿದ್ದಳು. ಅಮ್ಮ ಮೆಟ್ಟಿಲು ಹತ್ತುವುದನ್ನು ನೋಡಿ ಅವಳ ಮುಖ ಅರಳಿತ್ತು.

ಶಾಲು ಹೊದಿಸಿದೆವು, ಪೇಟ ಇಟ್ಟೆವು. ನಾನು ಪತ್ರ ಓದಿದೆ. ಮಾತೃಹೃದಯಿ, ಕರುಣಾಮಯಿ ಎಂದೆಲ್ಲ ಓದಿ, ಕೊನೆಯಲ್ಲಿ, ಇನ್ನು ಮುಂದೆ ಯಾವ ಗೌರವಧನವನ್ನೂ ಬಯಸದೆ ನಿಸ್ವಾರ್ಥವಾಗಿ ಸೇವೆ ಮುಂದುವರಿಸಲು ಒಪ್ಪಿರುವ ಈ ತಾಯಿಗೆ ನಮ್ಮ ನಮನ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು, ಬಹಳ ಹೊತ್ತು. ಅಷ್ಟು ಜನರ ಮುಂದೆ, ತಲೆ ಮೇಲೆ ಪೇಟ ಇಟ್ಟುಕೊಂಡು, ನಾನು ಒಪ್ಪಿಲ್ಲ, ನನಗೆ ಸಂಬಳ ಬೇಕು ಎಂದು ನಮ್ಮ ಕಡೆಯ ಯಾವ ಹೆಂಗಸು ಹೇಳುತ್ತಾಳೆ? ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು.

ಅವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವರು ನಿಂತು ಯೋಚಿಸುತ್ತಾರಲ್ಲ, ಹಾಗೆ. ಆಮೇಲೆ ಜನರ ಕಡೆ ತಿರುಗಿ ಕೈಮುಗಿದರು.

ಮುಂದಿನ ಸಾಲಿನಿಂದ ಆಚಾರ್ರು ಅಧ್ಯಕ್ಷರನ್ನು ಗಟ್ಟಿಯಾಗಿ ಕೇಳಿದರು. "ಅಲ್ಲಾ ಗೌಡ್ರೇ, ನಮ್ ವಕೀಲಮ್ಮಂಗೆ ಈಗ ಕೊಟ್ರೋ, ಕಿತ್ಕಂಡ್ರೋ?"

ಮುದುಕರ ತಮಾಷೆ ಎಂದು ಜನ ನಕ್ಕರು. ನಾನೂ ನಕ್ಕೆ.

ಅವರು ತಕ್ಷಣ ಬರುವುದನ್ನು ನಿಲ್ಲಿಸಲಿಲ್ಲ. ಮೂರು ದಿನ ಬರುತ್ತಿದ್ದವರು ಎರಡು ದಿನ ಬಂದರು, ಆಮೇಲೆ ಒಂದು ದಿನ. ಒಂದು ಸಂಜೆ ಆಫೀಸಿನ ಬಾಗಿಲಲ್ಲಿ ನಿಂತು, ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದೇನೆ, ಗಾಡಿ ಊರಿಗೇ ಬರುತ್ತದೆ, ಮಗಳ ಕಾಲೇಜು ಫೀಸು ಕಟ್ಟಬೇಕು ಎಂದರು. ಒಳ್ಳೆಯದಾಯಿತಮ್ಮ ಎಂದೆ. "ಎಂಟಕ್ಕೇ ಊಟ ಇರ್ಲಿ ಸಾರ್" ಎಂದಷ್ಟೇ ಹೇಳಿ ಹೋದರು.

ಅವರು ಹೋದ ಮೇಲೆ ಸಭೆಗಳು ಬೇಗ ಮುಗಿಯತೊಡಗಿದವು. ಸಂಜೆಯ ಅಡುಗೆಗೆ ಇಟ್ಟುಕೊಂಡಿದ್ದ ಹೆಂಗಸನ್ನು ಖರ್ಚು ಉಳಿಸಲು ಬಿಡಿಸಿದೆವು. ಊಟ ಮತ್ತೆ ಐದಕ್ಕೆ ಬಂತು. ಒಳಗಿರುವವರು ಯಾರೂ ಏನೂ ಹೇಳಲಿಲ್ಲ. ಮೇಡಂ ಹೇಳಿದ್ದು ಸರಿಯಾಗಿತ್ತು.

ಆ ಚಳಿಗಾಲ ಒಂದು ಬೆಳಿಗ್ಗೆ ಆಚಾರ್ರು ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಸಕ್ಕರೆ ತೀರಾ ಇಳಿದುಹೋಗಿದೆ, ರಾತ್ರಿ ಏನು ತಿಂದಿದ್ದರು ಎಂದು ಮೈಸೂರಿನ ಡಾಕ್ಟರು ಕೇಳಿದರು. ಐದು ಗಂಟೆಗೆ ಮುದ್ದೆ ಉಂಡಿದ್ದರು ಎಂದು ನಾನು ಹೇಳಲಿಲ್ಲ. ಚೆನ್ನಾಗಿಯೇ ಉಂಡಿದ್ದರು ಎಂದೆ. ಅಲ್ಲಿಂದ ಅವರನ್ನು ತಂಗಿಯ ಮಗ ನಾಗಮಂಗಲಕ್ಕೆ ಕರೆದುಕೊಂಡು ಹೋದ. ಮತ್ತೆ ಎದ್ದು ನಡೆಯಲಿಲ್ಲ ಎಂದು ಕೇಳಿದೆ. ಸತ್ತಾಗ ನಾನು ಮಣ್ಣಿಗೆ ಹೋಗಿದ್ದೆ. ಅಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ...

ಅದಾದ ಮೇಲೆ ವಕೀಲಮ್ಮನನ್ನು ಒಮ್ಮೆ ನೋಡಿದೆ, ಒಂದೇ ಒಮ್ಮೆ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ. ಅವರೇ ಗುರುತು ಹಿಡಿದು ಹತ್ತಿರ ಬಂದರು. ಸೊರಗಿದ್ದರು. ಕೂದಲಲ್ಲಿ ಹತ್ತಿಯ ಎಳೆ ಅಂಟಿತ್ತು. ಚೆನ್ನಾಗಿದ್ದೀರಾ ಸಾರ್ ಎಂದು ಕೇಳಿ, ಒಬ್ಬೊಬ್ಬರನ್ನೇ ವಿಚಾರಿಸಿದರು. ಆಚಾರ್ರ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾಗಮಂಗಲದಲ್ಲಿ ತಂಗಿಯ ಮಗನ ಮನೆಗೆ ಹೋದರು ಎಂದೆ. ಅದು ಅರ್ಧ ನಿಜ. ಮುದುಕರಿಗೆ ಕೊನೆಗಾದರೂ ಮನೆ ಸೇರುವ ಯೋಗ ಬಂತಲ್ಲ ಎಂದು ಅವರು ಸಂತೋಷಪಟ್ಟರು. ಆಮೇಲೆ ಕೇಳಿದರು.

"ಊಟ ಈಗ ಎಷ್ಟೊತ್ಗೆ ಸಾರ್?"

ಆಗ ಹೇಳಬಹುದಿತ್ತು. ತಪ್ಪಾಯಿತು ಎನ್ನಲು ಒಂದು ಗಳಿಗೆ ಸಾಕು. ಬಸ್ಸೂ ಬಂದಿರಲಿಲ್ಲ, ಅಕ್ಕಪಕ್ಕ ಗುರುತಿನವರೂ ಇರಲಿಲ್ಲ.

"ಎಂಟಕ್ಕೇ ಕಣಮ್ಮ" ಎಂದೆ.

ಅವರು ತಲೆಯಾಡಿಸಿದರು. ನಂಬಿದರೋ, ನನ್ನ ಮರ್ಯಾದೆ ಉಳಿಸಲು ಸುಮ್ಮನಾದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆ ರಾತ್ರಿಯೇ ಅಧ್ಯಕ್ಷರಿಗೆ ರಾಜೀನಾಮೆ ಕೊಟ್ಟೆ. ಅದೇನು ದೊಡ್ಡಸ್ತಿಕೆಯಲ್ಲ. ಊಟದ ಹೊತ್ತು ಬದಲಿಸಲು ಹೋರಾಡುವುದಕ್ಕಿಂತ ಅದು ಸುಲಭವಾಗಿತ್ತು. ಮಗಳ ಓದು ಮುಗಿಯಿತೇ, ಮಿಷನ್ ಈಗಲೂ ತುಳಿಯುತ್ತಾರೆಯೇ ಎಂದು ಒಮ್ಮೆ ಅವರ ಊರಿಗೇ ಹೋಗಿ ನೋಡಬೇಕು, ಎಲ್ಲವನ್ನೂ ಹೇಳಿಬಿಡಬೇಕು ಅಂದುಕೊಳ್ಳುತ್ತಾ ವರ್ಷಗಳು ಹೋದವು. ಡೇರಿಯ ಸನ್ಮಾನ ಮುಗಿದ ಮರುದಿನ ಹೊರಟೆ. ಮಾಕವಳ್ಳಿಯಲ್ಲಿ ಇಳಿದು, ಕಬ್ಬಿನ ಲಾರಿಗಳ ಸಾಲು ದಾಟಿ, ಕೇಳಿಕೊಂಡು ಕೇಳಿಕೊಂಡು ಮನೆ ತಲುಪಿದೆ. ಬಾಗಿಲು ತೆರೆದವಳು ಮಗಳು. ಅಂದು ವೇದಿಕೆಯ ಕೆಳಗೆ ಮುಖ ಅರಳಿಸಿಕೊಂಡು ನಿಂತಿದ್ದವಳು. ನರ್ಸ್ ಆಗಿದ್ದಾಳಂತೆ. ಅಮ್ಮ ಹೋಗಿ ಎರಡು ವರ್ಷವಾಯಿತು ಎಂದಳು, ಎದೆಗೆ ಏನೋ ಆಗಿತ್ತಂತೆ, ತೋರಿಸುವಷ್ಟರಲ್ಲಿ ತಡವಾಗಿತ್ತಂತೆ. ನಾನು ಯಾರೆಂದು ಹೇಳಿದೆ. ಅವಳು ಒಳಗೆ ಕರೆದು ಕಾಫಿ ಕೊಟ್ಟಳು.

"ಅಮ್ಮ ನಿಮ್ಮನ್ನ ಒಳ್ಳೆಯವ್ರು ಅಂತಿತ್ತು" ಎಂದಳು. "ಮುದುಕ್ರಿಗೆ ಇವತ್ಗೂ ಎಂಟಕ್ಕೇ ಊಟ ಆಕಿಸ್ತಾವ್ರೆ ಅಂತ."

ಲೋಟ ಕೆಳಗಿಟ್ಟೆ. ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ, ಶಾಲಿನಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಲೋಟ ಎತ್ತಿಕೊಂಡು, "ಇದ್ನ ನನ್ತಾವ ಏಳಿದ್ರೆ ಏನು ಬಂತು" ಎಂದಳು. ಎದ್ದು ಕೆಲಸಕ್ಕೆ ಹೊರಟಳು. ನಾನೂ ಎದ್ದೆ.

ಅವಳ ಮಾತು ಸರಿ. ಅವಳಿಗೆ ಹೇಳಿದ್ದು ಅವರಿಗೆ ಹೇಳಿದ ಹಾಗೆ ಆಗಲಿಲ್ಲ. ಇಲ್ಲಿ ಬರೆದದ್ದೂ ಆಗುವುದಿಲ್ಲ. ಆದರೆ ತಪ್ಪಾಯಿತು ಎಂದು ಹೇಳುವಾಗ ಯಾರಿಗೆ ಹೇಳುತ್ತಿದ್ದೇನೆ ಎಂಬುದಾದರೂ ಸರಿಯಾಗಿರಬೇಕು. ತಾಯಿ ಎಂದು ಕರೆದು ಅವರ ಕೂಲಿ ಕಿತ್ತುಕೊಂಡವನು ನಾನು, ಮತ್ತೆ ಹಾಗೆ ಕರೆಯಲು ನನಗೆ ಬಾಯಿಲ್ಲ. ಅವರು ತಾಯಿಯಲ್ಲ, ವಕೀಲಮ್ಮನೂ ಅಲ್ಲ. ಅವರ ಹೆಸರು ಪುಟ್ಟತಾಯಮ್ಮ.