ದೇವರ ಪಾಲಿನ ಲಗ್ನಪತ್ರಿಕೆ

ಬೇಡದ್ದನ್ನು ಬಿಸಾಡುವುದರಲ್ಲಿ ನನ್ನದು ಎತ್ತಿದ ಕೈ. ಇಪ್ಪತ್ತೆರಡು ವರ್ಷ ದಾವಣಗೆರೆಯಲ್ಲಿ ನರ್ಸ್ ಕೆಲಸ ಮಾಡಿ, ಇಂಗ್ಲಿಷ್ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿ, ಐರ್ಲೆಂಡಿನಲ್ಲಿ ನೌಕರಿ ಗಿಟ್ಟಿಸಿಕೊಂಡವಳು ನಾನು. ಹರಿಹರದ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುವ ನನ್ನ ಗಂಡ ನನ್ನ ಜೊತೆ ಬರುವವರು. ನಮಗೆ ಮಕ್ಕಳಿಲ್ಲ, ಇರುವುದು ಇಬ್ಬರೇ. ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಮನೆ ಖಾಲಿ ಮಾಡಲು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟ ಹತ್ತಿದೆ.

ಗಂಡ ಕೆಳಗೆ ನಿಂತು ಒಂದೊಂದನ್ನೂ ಕೈಯಲ್ಲಿ ಹಿಡಿದು, "ಇದು ಇರ್ಲಿ ಬಿಡು" ಅನ್ನುತ್ತಿದ್ದರು. ಹಿಡಿ ಮುರಿದ ಸ್ಕ್ರೂಡ್ರೈವರ್, ಮುಳ್ಳಿಲ್ಲದ ಗಡಿಯಾರ, ಯಾವುದೂ ಬಿಡುವಂತಿಲ್ಲ! ನನಗೆ ರೇಗಿಹೋಯಿತು. ಅವರು ಡ್ಯೂಟಿಗೆ ಹೋದ ಮೇಲೆ ಗುಜರಿಯವನನ್ನು ಕರೆದು ಕಾಗದಪತ್ರವೆಂದು ಕಂಡದ್ದನ್ನೆಲ್ಲ ಕೊಟ್ಟುಬಿಟ್ಟೆ. ಸಂಜೆ ಖಾಲಿ ಅಟ್ಟ ನೋಡಿ ಎಷ್ಟು ಖುಷಿಪಟ್ಟೆನೆಂದರೆ ಚಹಾ ಕುಡಿಯುವುದೂ ಮರೆತುಹೋಯಿತು.

ಮೂರನೇ ದಿನ ವೀಸಾದ ಪಟ್ಟಿ ಬಂತು. ಗಂಡನನ್ನು ಕರೆದೊಯ್ಯಬೇಕಾದರೆ ಮದುವೆ ನೋಂದಣಿ ಪತ್ರ ಬೇಕು. ನಾವು ನೋಂದಣಿಯನ್ನೇ ಮಾಡಿಸಿರಲಿಲ್ಲ. ಮದುವೆಯಾದದ್ದು ಹರಿಹರದಲ್ಲಿ, ಆದ್ದರಿಂದ ಅಲ್ಲಿನ ನೋಂದಣಿ ಕಚೇರಿಗೇ ಹೋದೆವು. ಗುಮಾಸ್ತರು ಸಾವಧಾನವಾಗಿ ಹೇಳಿದರು, "ಫೋಟೋ, ಲಗ್ನಪತ್ರಿಕೆ, ಮೂರು ಮಂದಿ ಸಾಕ್ಷಿ. ಇಷ್ಟು ತಗೊಂಡ್ ಬರ್ರಿ."

ಲಗ್ನಪತ್ರಿಕೆ! ಉಳಿದಿದ್ದ ನಾಲ್ಕೈದನ್ನು ರಬ್ಬರ್ ಬ್ಯಾಂಡ್ ಹಾಕಿ ಅಟ್ಟದಲ್ಲಿಟ್ಟಿದ್ದೆ. ಅಟ್ಟದ್ದೆಲ್ಲ ಗುಜರಿಗೆ ಹೋಗಿತ್ತು. ಅಂಗಡಿ ಹುಡುಕಿಕೊಂಡು ಓಡಿದರೆ, ಮಾಲು ನಿನ್ನೆಯೇ ಲಾರಿ ಹತ್ತಿತೆಂದರು. ನೆಂಟರಿಗೆಲ್ಲ ಫೋನ್ ಮಾಡಿದೆ. ಅಷ್ಟು ಹಳೆಯ ಪತ್ರಿಕೆ ಯಾರ ಮನೆಯಲ್ಲೂ ಇರಲಿಲ್ಲ. ಗಂಡ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀನು ಹೋಗು, ನಾನಿಲ್ಲೇ ಹೆಂಗೋ ಇರ್ತೀನಿ" ಅಂದರು.

"ಸುಮ್ನಿರ್ರಿ! ಮೂರು ಸಲ ಪರೀಕ್ಷೆ ಬರೆದಿದ್ದು ಅಲ್ಲಿ ಹೋಗಿ ಒಬ್ಬಳೇ ಕೂತು ಉಣ್ಣಾಕಲ್ಲ" ಅಂದೆ.

ಅವರು ಮೆಲ್ಲಗೆ, "ಅವ್ವನ್ನ ಒಂದ್ ಮಾತು ಕೇಳಾಣ" ಅಂದರು.

ಅವ್ವ, ಅಂದರೆ ನನ್ನ ಅತ್ತೆ, ಕೊಕ್ಕನೂರಿನಲ್ಲಿ ದೊಡ್ಡ ಮಗನ ತುಂಬಿದ ಸಂಸಾರದಲ್ಲಿದ್ದಾರೆ. ನೈಟ್ ಡ್ಯೂಟಿ ಮಾಡುವ ಸೊಸೆ ಬೇಡವೆಂದು ಮದುವೆಗೆ ಮುಂಚೆಯೇ ಹಟ ಹಿಡಿದಿದ್ದವರು. ಆಮೇಲೂ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ನನ್ನ ತಪ್ಪನ್ನು ಅವರೆದುರು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಂದು ಸಲ ಪರೀಕ್ಷೆ ಬರೆಯುವುದೇ ವಾಸಿ ಅನ್ನಿಸಿತು. ಆದರೂ ಗಂಡನ ಬೈಕು ಹತ್ತಿದೆ.

ಅತ್ತೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನೇ ಎಲ್ಲ ಹೇಳಿದೆ.

"ಲಗ್ನಪತ್ರಿಕೆ ರದ್ದಿಗೆ ಹಾಕಿದ್ಯಾ? ಅರಿಶಿನ ಹಚ್ಚಿದ ಕಾಗದಾನ?" ಎಂದು ಶುರುವಾದವರು ಮೊರ ಖಾಲಿಯಾಗುವವರೆಗೂ ಬೈದರು. ಕೊನೆಗೆ ಮೊಣಕಾಲಿಗೆ ಕೈಯೂರಿ ಎದ್ದು, ದೇವರ ಜಗುಲಿಯ ಕೆಳಗಿದ್ದ ತಗಡಿನ ಟ್ರಂಕು ಎಳೆದರು.

ನಮ್ಮ ಕಡೆ ಮೊದಲ ಪತ್ರಿಕೆ ಮನೆದೇವರಿಗೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಜಗುಲಿಯ ಮೇಲಿಟ್ಟು ಕೈಮುಗಿದ ಮೇಲೆಯೇ ಉಳಿದವನ್ನು ಹಂಚುವುದು. ದೇವರ ಪಾಲಿನದನ್ನು ಎಸೆಯುವಂತಿಲ್ಲ, ಹೊಳೆಗೆ ಬಿಡಬೇಕು. "ಪ್ರತಿ ಸಲ ಹರಿಹರಕ್ಕೆ ಹೋದಾಗ ಬಿಡಾಣ ಅಂತೀನಿ, ಮರ್ತೇ ಹೋಗ್ತೈತೆ" ಎಂದು ಅತ್ತೆ ನಾಚಿಕೊಂಡರು. ಅವರ ಮರೆವಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಒಣಗಿದ ಬಿಲ್ವಪತ್ರೆ, ದೇವರ ಪಟವಿದ್ದ ಹಳೇ ಕ್ಯಾಲೆಂಡರು, ಮೊಮ್ಮಕ್ಕಳ ಜಾತಕ. ಒಂದೊಂದನ್ನೂ ತೆಗೆದು, ಕಣ್ಣಿಗೊತ್ತಿಕೊಂಡು, ಅದರ ಕಥೆ ಹೇಳಿಯೇ ಪಕ್ಕಕ್ಕಿಡುತ್ತಿದ್ದರು. ಟ್ರಂಕನ್ನೇ ಬೋರಲು ಹಾಕಬೇಕೆಂದು ನನ್ನ ಕೈ ಕಡಿಯುತ್ತಿತ್ತು. ತಳದಲ್ಲಿ ನಮ್ಮದು ಸಿಕ್ಕಿತು, ಆದರೆ ಎಣ್ಣೆ ಅರಿಶಿನ ಹಿಡಿದು ಭಾವನವರ ಪತ್ರಿಕೆಗೆ ಅಂಟಿಕೊಂಡಿತ್ತು. ಗಂಡ ಎಳೆಯಲು ಹೋದಾಗ ಕೈಗೊಂದು ಏಟು ಕೊಟ್ಟೆ. ಹತ್ತಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸುವ ಹಾಗೆ ಅಂಚಿನಿಂದ ಒತ್ತುತ್ತಾ ಬಂದೆ. ಅರ್ಧ ಗಂಟೆ ಹಿಡಿಯಿತು. ವಧು, ವರ, ದಿನಾಂಕ, ಒಂದಕ್ಷರವೂ ಅಳಿಸದೆ ಬಿಟ್ಟುಬಂತು!

"ಕೈ ನಯ ಐತಲ್ಲೇ ನಿಂದು" ಅಂದರು ಅತ್ತೆ. ಇಷ್ಟು ವರ್ಷಗಳಲ್ಲಿ ಅವರು ನನ್ನ ಕೆಲಸಕ್ಕೆ ಕೊಟ್ಟ ಮೊದಲ ಶಹಬ್ಬಾಸ್ ಅದು.

ಸಾಕ್ಷಿಗೆ ಭಾವ, ಓರಗಿತ್ತಿ, ಅತ್ತೆ ಮೂವರೂ ಮರುದಿನ ಹರಿಹರಕ್ಕೆ ಬಂದರು. ಗುಮಾಸ್ತರು ಪತ್ರಿಕೆ ತಿರುಗಿಸಿ ನೋಡಿ, ಸರಿಯಿದೆ ಅಂದರು. ನನ್ನ ಎದೆ ಹಗುರಾಯಿತು. ಅರ್ಜಿ ನೋಡುತ್ತಾ ಅವರು ಸಹಜವಾಗಿ, "ಎಲ್ಲಾ ಗಂಡಿನ ಕಡೆಯವರೇ ಇದೀರಲ್ಲ, ಹೆಣ್ಣಿನ ಕಡೆ ಯಾರೂ ಬಂದಿಲ್ಲೇನ್ರಿ?" ಎಂದು ಕೇಳಿದರು.

ನನ್ನ ಅಪ್ಪ ಅವ್ವ ತೀರಿಕೊಂಡು ಎಷ್ಟೋ ವರ್ಷ. ಒಡಹುಟ್ಟಿದವರಿಲ್ಲ.

"ನಾನಿದೀನಲ್ಲ" ಎಂದು ಅತ್ತೆ ಮುಂದೆ ಬಂದರು. "ನನ್ನನ್ನ ಹೆಣ್ಣಿನ ಕಡೆ ಅಂತ ಬರ್ಕೊಳ್ರಿ."

ಗುಮಾಸ್ತರು ನಕ್ಕರು. "ಅಜ್ಜಿ, ನೀವು ಹುಡುಗನ ತಾಯಿ ಅಲ್ಲೇನ್ರಿ?"

"ಹೌದ್ರಿ, ಹಡೆದಿದ್ದು ಇವನ್ನ. ಆದ್ರ ದುಡಿದು, ಪಾಸಾಗಿ, ಇವನ್ನ ಕೈ ಹಿಡ್ಕೊಂಡು ಹೊಳಿ ದಾಟಿಸಾಕಿ ಈಕಿ. ನಾನು ಈಕಿ ಕಡೆ."

ಕಚೇರಿಯಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ಅತ್ತೆ ಪೆನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಆಮೇಲೆ ಮಗನನ್ನು ದಾಟಿ ಬಂದು ನನ್ನ ಪಕ್ಕದಲ್ಲಿ ನಿಂತರು.